ಮಾತಾಡ್ಲಿಕ್ಕುಂಟು

ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣುತ್ತಿಲ್ಲ, ಒರೆಸಿಕೊಳ್ಳಬೇಕು, ಒರೆಸಿದರೆ ಎದುರಿಗೆ ಅವರಿಬ್ಬರೂ ಚೆನ್ನಾಗಿ ಕಾಣುತ್ತಾರೆ, ಬೇಡ, ಇನ್ನೊಂದು ಗಳಿಗೆ ಹೀಗೇ ಇರಲಿ, ಮಸುಕಿನೊಳಗೆ ಒಂದು ದೊಡ್ಡ ಆಕಾರ, ಅದರ ಪಕ್ಕ ಹಳದಿ ಜಾಕೆಟ್ಟಿನ ಸಣ್ಣದೊಂದು, ದೊಡ್ಡದು ಬಾಗಿ ಸಣ್ಣದರ ಕಿವಿಯಲ್ಲಿ ಏನೋ ಹೇಳುತ್ತಿದೆ, ಸಣ್ಣದು ಭುಜ ಕುಣಿಸಿ ನಗುತ್ತಿದೆ, ನನ್ನ ಗಂಡ ಪ್ರತೀಕ್, ನನ್ನ ಮಗಳು ಆದ್ಯಾ, ಮತ್ತು ಇವಳು ಗಗನಾ, ಇವಳೂ ಅವರವಳೇ ಎಂದು ನನ್ನನ್ನು ಸೇರಿಸಿ ಹೇಳುವವರು ಇಲ್ಲಿ ಯಾರೂ ಇಲ್ಲ, ನೋಡಿದವರಿಗೆ ಅಪ್ಪ ಮಗಳು ಊಟಕ್ಕೆ ಬಂದಿದ್ದಾರೆ, ಕೌಂಟರಿನ ಈ ತುದಿಯಲ್ಲಿ ಯಾರೋ ಒಬ್ಬ ಹೆಂಗಸು ಒಬ್ಬಳೇ ಬಂದು ಕೂತಿದ್ದಾಳೆ, ಅಷ್ಟೇ. ಅಂಗಡಿ ಎಷ್ಟು ಸಣ್ಣದೆಂದರೆ ಯಾರದೋ ಅಡುಗೆಮನೆಗೇ ನುಗ್ಗಿ ಕೂತ ಹಾಗಿದೆ, ಒಂದೇ ಒಂದು ಕೌಂಟರ್, ಅದೂ ಅರ್ಧಕ್ಕೆ ಮೂಲೆ ತಿರುಗಿದೆ, ಒಳಗೆ ದೊಡ್ಡ ದೊಡ್ಡ ಕೊಳಗಗಳಲ್ಲಿ ಕೋಳಿಯ ಮೂಳೆ ಕುದಿಯುತ್ತಿದೆ, ತಲೆಗೆ ಬಟ್ಟೆ ಕಟ್ಟಿಕೊಂಡ ಜಪಾನಿ ಹೆಂಗಸು ನಾವು ಬಾಗಿಲು ತಳ್ಳಿದ ಕೂಡಲೇ ಆದ್ಯಾಳನ್ನು ನೋಡಿ ನಕ್ಕಳು, ಗುರುತಿನ ನಗು, ಆಮೇಲೆ ನನ್ನನ್ನು ನೋಡಿದಳು, ಮೂವರಾ, ಮೂರು ಸೀಟು ಒಟ್ಟಿಗಿಲ್ಲ, ಇಬ್ಬರು ಅಲ್ಲಿ, ಒಬ್ಬರು ಇಲ್ಲಿ, ಆಗಬಹುದಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು, ಪ್ರತೀಕ್ ಒಂದು ಕ್ಷಣ ನಿಂತ, ನಿಂತದ್ದು ನನಗೆ ಕಾಣಿಸಿತು, ನೀನು ಇವಳ ಜೊತೆ ಕೂತ್ಕೋ ಎನ್ನುತ್ತಾನೇನೋ ಎಂದುಕೊಂಡೆ, ಅಷ್ಟರಲ್ಲಿ ಆದ್ಯಾ ಅವನ ಕೈ ಹಿಡಿದೆಳೆದುಕೊಂಡು ಹೋಗಿ ಕೂತೇಬಿಟ್ಟಳು, ಅಲ್ಲಿಂದಲೇ ಅವನು ಕೈಯಲ್ಲಿ ಸನ್ನೆ ಮಾಡಿದ, ಕೂತ್ಕೋ ಕೂತ್ಕೋ, ಆಮೇಲೆ ನೋಡುವ. ಆಮೇಲೆ. ಎಲ್ಲವೂ ಆಮೇಲೆ.

ನೋಡುವ, ಅವನ ಊರಿನ ಕಡೆಯವರು ಹೀಗೇ, ನೋಡೋಣ ಎನ್ನುವುದಿಲ್ಲ, ಮಾಡುವ, ಹೋಗುವ, ಉಣ್ಣುವ, ಕಾಪುವಿನಲ್ಲಿ ಹುಟ್ಟಿ ತುಳುವಿನಲ್ಲಿ ಬೆಳೆದ ಬಾಯಿ, ಕನ್ನಡವನ್ನು ಪುಸ್ತಕದಿಂದ ಎತ್ತಿಕೊಂಡ ಹಾಗೆ ಮಾತಾಡುತ್ತಾನೆ, ಇದೆ ಎನ್ನುವಲ್ಲಿ ಉಂಟು ಎನ್ನುತ್ತಾನೆ, ಮೆಲ್ಬರ್ನಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು, ಅಲ್ಲಿ ಪ್ಲೇಟು ಉಂಟಾ ಅಂತ ಕೇಳಿದ್ದ, ಮೈಸೂರಿನ ಸರಸ್ವತೀಪುರಂನ ಹುಡುಗಿ ನಾನು, ಉಂಟು ಸ್ವಾಮೀ ಉಂಟು, ಚಮಚವೂ ಉಂಟು ಅಂದೆ, ಅವನಿಗೆ ಸಿಟ್ಟು ಬರಲಿಲ್ಲ, ನಗುವೂ ಉಂಟು ಅಂದ, ಮದುವೆಯಾದ ಮೇಲೂ ವರ್ಷಗಟ್ಟಲೆ ಆ ಒಂದು ಮಾತಿಗೆ ರೇಗಿಸಿದ್ದೇನೆ, ಈಗ ನಮ್ಮ ಗ್ಲೆನ್ ವೇವರ್ಲಿಯ ಮನೆಯಲ್ಲಿ ಯಾರೂ ಉಂಟು ಎನ್ನುವುದಿಲ್ಲ, ಒಂದು ದಿನ ಆದ್ಯಾಳ ಶೂಸ್ ಹುಡುಕುತ್ತಾ ಇಲ್ಲೇ ಉಂಟು ನೋಡು ಎಂದು ನಾನೇ ಅಂದುಬಿಟ್ಟೆ, ಅಂದು ಅಲ್ಲೇ ಮೆಟ್ಟಿಲ ಮೇಲೆ ಕೂತೆ, ವಾಟ್ ಹ್ಯಾಪನ್ಡ್ ಅಮ್ಮ ಎಂದಳು, ಏನಿಲ್ಲ, ಕಾಲು ಉಳುಕಿತು. ಹೋದ ವಾರ ಫೋನಿನಲ್ಲಿ ಅದೇ ಧ್ವನಿ, ಈ ಸಲ ಆದ್ಯಾನನ್ನು ಕರ್ಕೊಂಡು ಹೋಗ್ಲಿಕ್ಕೆ ನೀನೇ ಸಿಡ್ನಿಗೆ ಬಾ ಗಗನಾ, ಸ್ವಲ್ಪ ಮಾತಾಡ್ಲಿಕ್ಕುಂಟು. ಸ್ಕೂಲ್ ರಜೆ ಮುಗಿದಾಗ ಸಾಮಾನ್ಯವಾಗಿ ಅವನೇ ಕರೆತಂದು ಮೆಲ್ಬರ್ನಿನ ಟುಲ್ಲಾಮರೀನ್ ಏರ್‌ಪೋರ್ಟಿನಲ್ಲಿ ನನ್ನ ಕೈಗೆ ಕೊಟ್ಟು ಮುಂದಿನ ಫ್ಲೈಟಿಗೆ ತಿರುಗಿ ಹೋಗುತ್ತಾನೆ, ಒಂದು ಕಾಫಿ ಕುಡಿದುಹೋಗು ಎಂದು ಪ್ರತಿಸಲವೂ ನಾಲಗೆಯ ತುದಿಗೆ ಬರುತ್ತದೆ, ಅಷ್ಟರಲ್ಲಿ ಅವನು ಬೋರ್ಡು ನೋಡಲು ಶುರುಮಾಡಿರುತ್ತಾನೆ. ಮಾತಾಡ್ಲಿಕ್ಕುಂಟು — ಎಷ್ಟು ರೀತಿಯಲ್ಲಿ ಹೇಳಿ ನೋಡಿದೆ ಅದನ್ನು, ಬಾಕ್ಸ್ ಹಿಲ್ಲಿನ ನನ್ನ ಸ್ಕ್ಯಾನಿಂಗ್ ಕ್ಲಿನಿಕ್ಕಿನ ಕತ್ತಲೆ ಕೋಣೆಯಲ್ಲಿ, ಯಾರದೋ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರುತ್ತಾ, ಉಸಿರು ಹಿಡ್ಕೊಳ್ಳಿ, ಈಗ ಬಿಡಿ, ಪಿತ್ತಕೋಶ, ಮೂತ್ರಪಿಂಡ, ಪರದೆಯ ಮೇಲೆ ಬೂದುಬಣ್ಣದ ಯಾರದೋ ಒಳಗು, ಮಾತಾಡ್ಲಿಕ್ಕುಂಟು ಎಂದರೆ ಬಿಟ್ಟುಬಿಡುವ ಎಂದಿರಬಹುದು, ಮಾತಾಡ್ಲಿಕ್ಕುಂಟು ಎಂದರೆ ನಾನು ವಾಪಸ್ ಬರ್ತೇನೆ ಎಂದೂ ಇರಬಹುದು, ಎರಡೂ ಒಂದೇ ಧ್ವನಿಯಲ್ಲಿ ಹೇಳುವ ಮಾತುಗಳೇ, ಬೆಳಿಗ್ಗೆ ವಿಮಾನದಲ್ಲಿ ಕಿಟಕಿಗೆ ತಲೆಯಾನಿಸಿ ವಾಪಸ್ ಬರ್ತೇನೆ ಎನ್ನುವುದನ್ನೇ ಆರಿಸಿಕೊಂಡೆ, ನೀಲಿ ಕುರ್ತಾ ಹಾಕಿಕೊಂಡಿದ್ದೆನಲ್ಲ, ಅವನಿಗೆ ಹಿಡಿಸುತ್ತಿದ್ದದ್ದು, ಈಗ ಮೇಲಿನ ಕೋಟನ್ನು ಬಿಚ್ಚುವಷ್ಟೂ ಜಾಗವಿಲ್ಲ ಇಲ್ಲಿ, ಯಾರು ನೋಡಬೇಕು.

ರಾಮೆನ್ ಬಟ್ಟಲು ಬಂತು, ಜಪಾನಿ ಹೆಂಗಸು ಎರಡೂ ಕೈಯಲ್ಲಿ ತಂದಿಟ್ಟಳು, ಹಾಲಿನ ಹಾಗೆ ಬಿಳಿಯ ದಪ್ಪ ಸೂಪು, ಅಂಚಿಗೆ ಒರಗಿ ನಿಂತ ಕಪ್ಪು ಸಮುದ್ರಪಾಚಿಯ ಹಾಳೆ, ಹೆಚ್ಚಿದ ಈರುಳ್ಳಿ ಸೊಪ್ಪು, ಬೇಗ ತಿನ್ನಿ, ತಡಮಾಡಿದರೆ ನೂಡಲ್ಸ್ ಮೆತ್ತಗಾಗುತ್ತದೆ ಎಂದಳು, ನಕ್ಕೆ, ನನ್ನ ಅತ್ತೆ ಗುಣವತಿ ಕೂಡ ಹೀಗೇ ಅನ್ನುತ್ತಿದ್ದರು, ಕೋರಿ ರೊಟ್ಟಿ ಬಡಿಸಿ ಪಕ್ಕದಲ್ಲೇ ನಿಲ್ಲುತ್ತಿದ್ದರು, ಗರಿಗರಿ ರೊಟ್ಟಿಯ ಮೇಲೆ ಕೋಳಿ ಸಾರು ಬಿದ್ದ ಮೇಲೆ ಮಾತಾಡ್ಲಿಕ್ಕಿಲ್ಲ, ಮೊದಲು ತಿನ್ನು ಮಗಾ, ಮದುವೆಗೆ ಮುಂಚೆ ಕೋಳಿ ಮುಟ್ಟದವಳು ನಾನು, ಅವರ ಕೈಯ ಅಡುಗೆಗೇ ಕಲಿತೆ, ಅವರು ಈಗಲೂ ಪ್ರತಿ ಭಾನುವಾರ ವೀಡಿಯೋ ಕಾಲ್ ಮಾಡುತ್ತಾರೆ, ಪ್ರತೀಕ ಎಲ್ಲಿ ಎಂದು ಕೇಳುತ್ತಾರೆ, ಸಿಡ್ನಿಯಲ್ಲಿ ಅತ್ತೆ, ಸುರಂಗದ ಕೆಲಸ ಇನ್ನೂ ಮುಗಿದಿಲ್ಲ, ಎಂತಹ ಸುರಂಗವೋ ಅದು ಎನ್ನುತ್ತಾರೆ, ಪಾತಾಳಕ್ಕೇ ತೋಡುತ್ತಾರೋ. ಸುಳ್ಳಲ್ಲ, ಸುರಂಗ ನಿಜ, ಇಂಜಿನಿಯರ್ ಪ್ರತೀಕ್ ಮೆಟ್ರೋ ಸುರಂಗದ ಕೆಲಸಕ್ಕೆಂದು ಬಂದದ್ದು ನಿಜ, ಒಂದೆರಡು ವರ್ಷ ಅಷ್ಟೇ ಗಗನಾ, ಆದ್ಯಾಳ ಸ್ಕೂಲಿಗೆಂದು ತೆಗೆದುಕೊಂಡ ಮನೆಯನ್ನು ಬಿಡುವುದು ಬೇಡ, ನೀವಿಬ್ಬರು ಇಲ್ಲೇ ಇರಿ, ನಾನು ಶುಕ್ರವಾರ ಬಂದು ಭಾನುವಾರ ಹೋಗ್ತೇನೆ, ಬಂದ ಕೂಡ, ಪ್ರತಿ ಶುಕ್ರವಾರ ಆದ್ಯಾ ಪೈಜಾಮದಲ್ಲೇ ಕಾರಿನ ಹಿಂದೆ ಕೂರುತ್ತಿದ್ದಳು, ಏರ್‌ಪೋರ್ಟಿನ ಬಾಗಿಲು ತೆರೆದು ಅವನು ಹೊರಬರುವಾಗ ಮುಖದಲ್ಲಿ ಒಂದು ಬೆಳಕಿರುತ್ತಿತ್ತು, ಆಮೇಲೆ ವಾರ ಬಿಟ್ಟು ವಾರ, ಶಿಫ್ಟ್ ಬದಲಾಗಿದೆ, ಆಮೇಲೆ ಲಾಂಗ್ ವೀಕೆಂಡ್ ಇದ್ದರೆ, ಆಮೇಲೆ ಬಂದರೂ ಸೋಫಾದಲ್ಲಿ ನಿದ್ದೆ ಹೋಗುತ್ತಿದ್ದ, ಬೆನ್ನು ನೋವು, ಮಂಚದ ಹಾಸಿಗೆ ಮೆತ್ತಗೆ, ನಮ್ಮ ನಡುವೆ ಜಗಳವೇ ಆಗಲಿಲ್ಲ, ಒಂದೇ ಒಂದು ಜಗಳ ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು, ಬೇರೆಯಾಗಿದ್ದೇವೆ ಎಂದು ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಸಂಘದ ಕಾರ್ಯಕ್ರಮದಲ್ಲಿ ಜಯಲಕ್ಷ್ಮಿ ಆಂಟಿ, ಏನಮ್ಮಾ ನಿಮ್ಮ ಯಜಮಾನ್ರು ಕಾಣೋದೇ ಇಲ್ಲ ಎಂದಾಗ ಸಿಡ್ನಿ ಆಂಟಿ ಎಂದೆ, ಅವರು ಓ ಎಂದರು, ಆ ಓ ಎಷ್ಟು ಉದ್ದವಿತ್ತು.

ಸೂಪು ಚೆನ್ನಾಗಿದೆ, ನಿಜವಾಗಿ ಚೆನ್ನಾಗಿದೆ, ಬಿಸಿ ಗಂಟಲಿಗೆ ಇಳಿಯುತ್ತಿದ್ದ ಹಾಗೆ ಯಾಕೋ ಅಳು ಬರುವ ಹಾಗಾಯಿತು, ಹೊರಗೆ ಜುಲೈ ಚಳಿ, ಗಾಜಿನಾಚೆ ಜನ ಸಾಲಾಗಿ ನಿಂತಿದ್ದಾರೆ, ಕೈ ಜೇಬಿನಲ್ಲಿ, ಈ ಸಬರ್ಬಿನ ಹೆಸರು ಬರ್ವುಡ್, ಮೆಲ್ಬರ್ನಿನಲ್ಲಿ ನಮ್ಮ ಮನೆಯ ಹತ್ತಿರವೂ ಒಂದು ಬರ್ವುಡ್ ಇದೆ, ಕ್ಲಿನಿಕ್ಕಿಗೆ ಹೋಗುವಾಗ ದಿನವೂ ಆ ಬೋರ್ಡು ದಾಟುತ್ತೇನೆ, ಅವನೂ ದಿನವೂ ಇಲ್ಲಿ ಅದೇ ಹೆಸರಿನ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ, ಈ ಹೆಸರು ನೋಡಿ ಅವನಿಗೆ ಒಮ್ಮೆಯಾದರೂ ನಾನು ನೆನಪಾಗುತ್ತೇನೋ ಇಲ್ಲವೋ. ಕನ್ನಡಕ ಒರೆಸಿಕೊಂಡೆ. ಸಣಕಲಾಗಿದ್ದಾನೆ, ಗಡ್ಡದಲ್ಲಿ ಬಿಳಿ, ನನಗೆ ಗೊತ್ತೇ ಇಲ್ಲದ ಒಂದು ಹಸಿರು ಸ್ವೆಟರ್ ಹಾಕಿದ್ದಾನೆ, ಅದನ್ನು ಯಾವ ಅಂಗಡಿಯಲ್ಲಿ ನಿಂತು ಒಬ್ಬನೇ ಆರಿಸಿರಬಹುದು, ಕನ್ನಡಿಯ ಮುಂದೆ ಹಿಡಿದು ಚೆನ್ನಾಗಿದೆಯಾ ಎಂದು ಯಾರನ್ನು ಕೇಳಿರಬಹುದು, ಚಾಪ್‌ಸ್ಟಿಕ್ಸ್ ಹಿಡಿಯುವುದನ್ನು ಆದ್ಯಾಳಿಗೆ ತೋರಿಸುತ್ತಿದ್ದಾನೆ, ಬೆರಳಿಗೆ ಬೆರಳು ಕೂಡಿಸಿ, ಎಡ್ಡೆ ಉಂಡಾ, ಅವನು ಕೇಳುತ್ತಾನೆ, ಚೆನ್ನಾಗಿದೆಯಾ, ಮಸ್ತ್ ಎಡ್ಡೆ ಉಂಡು ಎಂದು ನನ್ನ ಮಗಳು ತುಳುವಿನಲ್ಲಿ ಹೇಳುತ್ತಾಳೆ, ನನ್ನ ಮಗಳು, ನಾನು ಕನ್ನಡದಲ್ಲಿ ಊಟಕ್ಕೆ ಬಾ ಎಂದರೆ ಕಮಿಂಗ್ ಎನ್ನುವವಳು, ಮೈಸೂರಿನ ಅಜ್ಜಿ ಜೊತೆ ಎರಡು ಮಾತಾಡೇ ಎಂದರೆ ಐ ಡೋಂಟ್ ನೋ ವಾಟ್ ಟು ಸೇ ಎನ್ನುವವಳು, ನನ ಒಂತೆ ಬೋಡು ಎಂದು ಅವನ ಬಟ್ಟಲಿನಿಂದ ಇನ್ನಷ್ಟು ಕೇಳುತ್ತಿದ್ದಾಳೆ, ಆ ಭಾಷೆ ನನಗೂ ಅರ್ಥವಾಗುತ್ತದೆ, ಆದರೆ ಅವರು ಮಾತಾಡುವಾಗ ನಾನು ಒಳಗೆ ಕರೆಯದೆ ಜಗಲಿಯಲ್ಲೇ ಕೂರಿಸಿದ ನೆಂಟರ ಹಾಗೆ. ಹೊಟ್ಟೆಕಿಚ್ಚು, ಹೌದು, ಆದರೆ ಯಾರ ಮೇಲೆ, ಅವನನ್ನು ಇಡಿಯಾಗಿ ಪಡೆದುಕೊಂಡ ಅವಳ ಮೇಲೋ, ಅವಳನ್ನು ಇಷ್ಟು ಸುಲಭವಾಗಿ ನಗಿಸುವ ಅವನ ಮೇಲೋ, ಓದು, ಹಲ್ಲುಜ್ಜು, ಸ್ಕ್ರೀನ್ ಆಫ್ ಮಾಡು ಎನ್ನುವ ದಿನಗಳೆಲ್ಲ ನನ್ನ ಪಾಲು, ರಾಮೆನ್ ಅವನ ಪಾಲು. ಅಗೋ, ಸ್ಟೂಲಿನಿಂದ ಧುಮುಕಿ ಜನರ ಬೆನ್ನಿನ ಹಿಂದೆ ನುಸುಳಿಕೊಂಡು ಬರುತ್ತಿದ್ದಾಳೆ, ಅಮ್ಮ, ಪಪ್ಪ ಸೇಸ್ ಈಟ್, ಇಟ್ಸ್ ಗೆಟಿಂಗ್ ಸಾಫ್ಟ್, ಅವಳ ಅಂಗೈಯಲ್ಲಿ ಟಿಶ್ಯೂ, ಟಿಶ್ಯೂವಿನಲ್ಲಿ ಅರ್ಧ ಮೊಟ್ಟೆ, ಕಂದು ಬಣ್ಣಕ್ಕೆ ನೆನೆದದ್ದು, ಇದನ್ನು ಪಪ್ಪ ಕಳಿಸಿದರಾ ಎಂದೆ, ಇಲ್ಲ, ನಾನೇ, ನಿನ್ನ ಬಟ್ಟಲಿನಲ್ಲಿ ಇರಲಿಲ್ಲವಲ್ಲ ಎಂದಳು ಇಂಗ್ಲಿಷಿನಲ್ಲಿ, ಅವಳ ತಲೆ ಸವರಿದೆ, ಕೂದಲಿಗೆ ಅವನ ಮನೆಯ ಶಾಂಪೂವಿನ ವಾಸನೆ.

ನನ್ನ ಪಕ್ಕದ ಹುಡುಗಿ ಎದ್ದಳು, ಅವಳ ಪಕ್ಕದವನೂ ಎದ್ದ, ಜೋಡಿ ಅವರು, ಬಾಗಿಲ ಹತ್ತಿರ ಅವನು ಅವಳ ಕೊರಳಿಗೆ ಮಫ್ಲರ್ ಸುತ್ತಿದ, ಜಪಾನಿ ಹೆಂಗಸು ನಮ್ಮ ಮೂವರನ್ನೂ ನೋಡಿ, ಈಗ ಒಟ್ಟಿಗೆ ಕೂರಬಹುದು ಎಂದು ಕೈತೋರಿಸಿ ತಾನೇ ಅವರ ಬಟ್ಟಲುಗಳನ್ನು ಎತ್ತಿಕೊಂಡು ಬಂದಿಟ್ಟಳು, ನಡುವೆ ಆದ್ಯಾ, ಆಚೆ ಅವನು, ಈಚೆ ನಾನು, ಎಷ್ಟು ಕಾಲದ ಮೇಲೆ ಹೀಗೆ ಸಾಲಾಗಿ, ಅವನ ಮೊಣಕೈ ಅವಳನ್ನು ದಾಟಿ ನನಗೆ ತಗುಲುವಷ್ಟು ಹತ್ತಿರ, ನೀನು ತಿನ್ಲೇ ಇಲ್ಲ ಅಂದ, ತಿಂತಿದ್ದೀನಿ ಅಂದೆ, ಫ್ಲೈಟ್ ಸಂಜೆಗಲ್ವಾ, ಹೌದು, ಕ್ರಾನ್‌ಬರ್ನಿನ ಗೆಳೆಯ ಗುರು ಅವರ ಹೊಸ ಮನೆಯ ವಿಷಯ, ಮೆಲ್ಬರ್ನಿನ ಚಳಿಯ ವಿಷಯ, ನಾಲ್ಕು ಮಾತು ಹುಡುಕಿ ಹುಡುಕಿ ಆಡಿದೆವು, ಅವನು ಮತ್ತೆ ಮತ್ತೆ ನೀರು ಕುಡಿಯುತ್ತಿದ್ದ, ಈಗ ಹೇಳುತ್ತಾನೆ, ಈಗ, ಆದ್ಯಾ ಚಾಪ್‌ಸ್ಟಿಕ್ಸ್ ಕೆಳಗಿಟ್ಟಳು, ಅಮ್ಮ, ಡೋಂಟ್ ಬಿ ಅಪ್‌ಸೆಟ್ ಓಕೆ, ನೆಕ್ಸ್ಟ್ ಇಯರ್ ಹೈಸ್ಕೂಲ್ ಅಲ್ವಾ, ಐ ವಾಂಟ್ ಟು ಡು ಇಟ್ ಹಿಯರ್, ವಿತ್ ಪಪ್ಪ, ನಾನು ಇಲ್ಲೇ ಇರ್ತೀನಿ, ನನ್ನ ಮುಖದಲ್ಲಿ ಏನು ಕಂಡಳೋ, ಅವನ ಕಡೆ ತಿರುಗಿ ಬೆಂಬಲಕ್ಕೆಂಬಂತೆ ತುಳುವಿನಲ್ಲೂ ಹೇಳಿದಳು, ಯಾನ್ ಮುಲ್ಪನೇ ಉಂತುವೆ. ಓ ಇದಾ ಮಾತಾಡಲಿಕ್ಕಿದ್ದದ್ದು, ಅಪ್ಪ ಮಗಳು ಕೂತು ತೀರ್ಮಾನ ಮಾಡಿ ನನ್ನನ್ನು ಕರೆಸಿಕೊಂಡಿದ್ದಾರೆ, ಗ್ಲೆನ್ ವೇವರ್ಲಿಯ ಮನೆ, ಅವಳ ಕೋಣೆ, ಗೋಡೆಗೆ ಅಂಟಿಸಿದ ನಕ್ಷತ್ರಗಳು, ಅಲ್ಲಿ ನಾನೊಬ್ಬಳೇ ದೀಪ ಆರಿಸಬೇಕು, ಸಿಟ್ಟು ನೆತ್ತಿಗೇರಿ ಅವನ ಕಡೆ ತಿರುಗಿದೆ, ತಿರುಗಿದವಳು ಹಾಗೇ ತಡೆದೆ, ಅವನಿಗೇ ಗೊತ್ತಿರಲಿಲ್ಲ, ಆ ಮುಖ ನಾನು ಬಲ್ಲೆ, ಬಾಯಿಗೆ ಎತ್ತಿದ ನೂಡಲ್ಸ್ ಅಲ್ಲೇ ನಿಂತಿತ್ತು, ಅವಳೊಬ್ಬಳೇ ಯೋಚಿಸಿ ಇಟ್ಟುಕೊಂಡದ್ದು ಇದು, ಹಾಗಾದರೆ ಅವನಿಗೆ ಹೇಳಲಿಕ್ಕಿರುವುದು ಬೇರೆ, ಹಾಗಾದರೆ ಇನ್ನೂ ದಾರಿ ಇದೆ, ಎರಡು ವರ್ಷದಿಂದ ಅವನು ಕರೆಯಲಿ ಎಂದು ಕಾದೆನಲ್ಲ, ನೀವೂ ಬನ್ನಿ ಎನ್ನಲಿ ಎಂದು, ಕರೆಯುವುದು ಅವನೇ ಯಾಕಾಗಬೇಕು, ಕ್ಲಿನಿಕ್ಕುಗಳು ಇಲ್ಲೂ ಇವೆ, ಹೊಟ್ಟೆಗಳು ಇಲ್ಲೂ ಇವೆ, ಮಗಳು ಕೇಳಿಬಿಟ್ಟಳು, ಅವಳಿಗಿಂತ ನನಗೇನು ನಾಚಿಕೆ, ಬಾಯಿಬಿಟ್ಟೇಬಿಟ್ಟೆ, ಹಾಗಾದ್ರೆ ನಾನೂ ಬರ್ಲಾ ಪ್ರತೀಕ್, ಮೂರು ಜನಾನೂ ಇಲ್ಲೇ ಇರೋಣ.

ಆದ್ಯಾ ನನ್ನನ್ನು ನೋಡಿದಳು, ಆ ನೋಟವನ್ನು ನಾನು ಎಲ್ಲಿಟ್ಟುಕೊಳ್ಳಲಿ, ಅವಳ ಕಣ್ಣು ಇಷ್ಟಗಲ, ರಿಯಲೀ, ಎಂದು ಉಸಿರಿನಲ್ಲೇ ಅಂದಳು, ಅಮ್ಮ ಹೀಗೂ ಹೇಳಬಲ್ಲಳೇ ಎಂದು, ಆಮೇಲೆ ನಾವಿಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದೆವು, ಒಂದೇ ಸಲ, ಅವನು ನೂಡಲ್ಸನ್ನು ಮೆಲ್ಲಗೆ ವಾಪಸ್ ಬಟ್ಟಲಿಗೆ ಇಳಿಸಿದ. ಇಲ್ಲ ಗಗನಾ. ದೊಡ್ಡ ಧ್ವನಿಯಲ್ಲಿ ಅಲ್ಲ, ಕೋಳಿ ಸಾರಿನ ಕುದಿತದ ಸದ್ದಿಗಿಂತ ಸ್ವಲ್ಪವೇ ಮೇಲೆ, ನಾನು ಕರೆದದ್ದು ಅದಕ್ಕಲ್ಲ, ಪೇಪರ್ಸ್ ಮಾಡಿಸುವ ಅಂತ, ಹೀಗೆ ಅರ್ಧಂಬರ್ಧ ನಿನ್ನನ್ನು ಕಾಯಿಸುವುದು ಸರಿಯಲ್ಲ, ಊರಲ್ಲಿ ಅಮ್ಮನಿಗೆ ನಾನೇ ಹೇಳ್ತೇನೆ. ಯಾರಾದರೂ ಇದ್ದಾರಾ ಎಂದೆ, ಕೇಳಬಾರದಿತ್ತು ಮಗಳ ಮುಂದೆ, ಕೇಳಿದೆ. ಯಾರೂ ಇಲ್ಲ, ದೇವರಾಣೆ ಯಾರೂ ಇಲ್ಲ, ನಂಗೆ ಒಬ್ಬನೇ ಇದ್ದು ಅಭ್ಯಾಸ ಆಗಿ ಹೋಯ್ತು ಗಗನಾ, ಅಷ್ಟೇ, ಬೇರೆ ಎಂತದ್ದೂ ಇಲ್ಲ, ಅವನ ಕಣ್ಣು ತುಂಬಿತ್ತು, ಸುಳ್ಳು ಹೇಳುವವನಲ್ಲ, ಯಾರಾದರೂ ಒಬ್ಬಳು ಇದ್ದಿದ್ದರೆ ಅವಳನ್ನು ಶಪಿಸಿಕೊಂಡು ಬದುಕುತ್ತಿದ್ದೆ, ಒಂದು ಖಾಲಿ ಕೋಣೆಯ ಎದುರು ಸೋತವಳು ಯಾರನ್ನು ಬೈಯಬೇಕು, ಯಾವ ಕದ ತಟ್ಟಬೇಕು, ಆದ್ಯಾ ಇನ್ನೂ ಅವನನ್ನೇ ನೋಡುತ್ತಿದ್ದಾಳೆ, ಅವಳ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ ಎಂದು ನೋಡುತ್ತಿದ್ದಾಳೆ, ಅಮ್ಮನಿಗೆ ಇಲ್ಲ ಅಂದರೂ ತನಗೆ ಹೌದು ಅನ್ನಬಹುದು, ನಾನು, ಗಳಿಗೆಯ ಹಿಂದೆ ಅವಳನ್ನು ಕಳೆದುಕೊಂಡೆ ಎಂದು ಉರಿದವಳು, ಈಗ ಒಳಗೊಳಗೇ ಬೇಡಿಕೊಳ್ಳುತ್ತಿದ್ದೇನೆ, ಹೂಂ ಅನ್ನು, ಅವಳಿಗಾದರೂ ಹೂಂ ಅನ್ನು, ಕರ್ಕೋ, ನಾನು ಒಬ್ಬಳೇ ದೀಪ ಆರಿಸಿಕೊಳ್ಳುತ್ತೇನೆ, ಅವನು ಅವಳ ಬೆನ್ನ ಮೇಲೆ ಕೈಯಿಟ್ಟ, ಮಗಾ, ರಜೆ ಬಂದಾಗಲೆಲ್ಲ ಬಾ, ಯಾವಾಗ ಬೇಕಾದ್ರೂ ಬಾ, ಆದ್ರೆ ಇರ್ಲಿಕ್ಕೆ, ನನ್ನ ಹತ್ರ ಇರ್ಲಿಕ್ಕೆ ಆಗುದಿಲ್ಲ ಪುಟ್ಟಿ, ನಂಗೆ ಆಗುದಿಲ್ಲ. ಅವಳು ಓಕೆ ಎಂದಳು, ಅಷ್ಟೇ, ಓಕೆ, ದೊಡ್ಡವರ ಹಾಗೆ, ಬೆನ್ನನ್ನು ಅವನ ಕೈಯಡಿಯಿಂದ ಸ್ವಲ್ಪವೇ ಸರಿಸಿಕೊಂಡಳು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದಳು, ಸೂಪು ಕುಡಿಯುವವಳ ಹಾಗೆ, ಅವಳ ಮುಖಕ್ಕಿಂತ ದೊಡ್ಡ ಬಟ್ಟಲು, ಹಣೆ ಮುಚ್ಚಿತು, ಗಲ್ಲ ಮುಚ್ಚಿತು, ಅವನು ಏನೋ ಹೇಳುತ್ತಿದ್ದಾನೆ, ಸೆಪ್ಟೆಂಬರ್ ರಜೆಗೆ ಎಲ್ಲಿಗೋ ಹೋಗುವ ಎನ್ನುತ್ತಿದ್ದಾನೆ, ನನಗೆ ಕೇಳಿಸುತ್ತಿಲ್ಲ, ಬಾಗಿಲು ತೆರೆದು ಚಳಿ ಒಳಗೆ ಬಂತು, ಯಾರೋ ಕೂತರು, ಬಟ್ಟಲು ಕೆಳಗಿಳಿಯಲಿಲ್ಲ, ಕುಡಿಯುವ ಸದ್ದಿಲ್ಲ, ನುಂಗುವ ಸದ್ದಿಲ್ಲ, ಅದರಲ್ಲಿ ಸೂಪು ಮುಗಿದು ಎಷ್ಟು ಹೊತ್ತಾಯಿತು, ನಾನೇ ಕಂಡಿದ್ದೇನೆ, ತಳದ ನೀಲಿ ಮೀನಿನ ಚಿತ್ರ ಕಾಣುವಷ್ಟು ಖಾಲಿ, ಮಗಳೇ ಎನ್ನಬೇಕು, ಅಂಚಿನ ಮೇಲೆ ಸಣ್ಣ ಬೆರಳುಗಳು, ಬಿಗಿಹಿಡಿದು ಬೆಳ್ಳಗಾದವು, ಅವುಗಳ ನಡುವೆ ಬಟ್ಟಲು, ಮುಖ ಇರಬೇಕಾದ ಕಡೆ ಬಟ್ಟಲು, ಕೆಳಗಿಳಿಯದ ಖಾಲಿ ಬಟ್ಟಲು